‘ಬ್ಲಾಕು’ ಶಬ್ದದ ನಿಷ್ಪತ್ತಿ: ಒಂದು ಜಿಜ್ಞಾಸೆ

ಹೌಸ್‌ಫುಲ್ ಬೋರ್ಡಿನ ಮಗ್ಗುಲಲ್ಲೇ ನಿಂತು ಟಿಕೆಟ್ ಮಾರುವವನನ್ನು ಕನ್ನಡಿಗರು ‘ಬ್ಲಾಕ್‌ನೋನು’ ಎನ್ನುತ್ತಾರೆ. ಈ ‘ಬ್ಲಾಕು’ ಇಂಗ್ಲಿಷಿನಿಂದ ಬಂದದ್ದು, ಕಪ್ಪು ಎಂದರ್ಥ ಎಂದು ಪಂಡಿತರು ಇದುವರೆಗೆ ಕಣ್ಣು ಮುಚ್ಚಿ ನಂಬಿದ್ದಾರೆ. ಅದು ಅಚ್ಚಗನ್ನಡ ಪದವೆಂಬುದು ಪ್ರಸ್ತುತ ಪ್ರಬಂಧದ ವಾದ. ಬೆಂಗಳೂರಿನ ಕೆಂಪೇಗೌಡ ರಸ್ತೆಯ ಸಾಗರ್, ಸಂತೋಷ್, ನರ್ತಕಿ ಚಿತ್ರಮಂದಿರಗಳ ಮುಂದೆ ಈ ವ್ಯಾಪಾರ ನಡೆಯುತ್ತಿದ್ದದ್ದು ಮ್ಯಾಟಿನಿಯ ಸುಡುಬಿಸಿಲಿನಲ್ಲಿ. ಮಡಿಚಿದ ತೆಳು ಟಿಕೆಟ್ ಬೆರಳ ಸಂದಿಯಲ್ಲಿ, ತುಟಿ ಅಲುಗದ ಹಾಗೆ ‘ಬಾಲ್ಕನಿ, ಬಾಲ್ಕನಿ’ ಎಂಬ ಜಪ. ಇದರಲ್ಲಿ ಕಪ್ಪು ಎಲ್ಲಿ ಬಂತು? ಕಪ್ಪೇ ಮುಖ್ಯವಾಗಿದ್ದರೆ ಪತ್ರಿಕೆಗಳ ‘ಕಾಳಸಂತೆ’ ಗಾಂಧಿನಗರದಲ್ಲೂ ಓಡಬೇಕಿತ್ತು. ಆ ಸಂತೆಯಲ್ಲಿ ಸಕ್ಕರೆ, ಸೀಮೆಎಣ್ಣೆ ಸಿಕ್ಕವೇ ಹೊರತು ಬಾಲ್ಕನಿ ಟಿಕೆಟ್ ಸಿಗಲಿಲ್ಲ.

ನಿಜವಾದ ಮೂಲ ‘ಬೆಲೆ ಹಾಕು’. ಹಳೇ ಮೈಸೂರಿನ ಆಡುಮಾತಿನಲ್ಲಿ ‘ಹಾಕು’ ಎಂಬುದು ‘ಆಕು’ ಆಗುತ್ತದೆಂಬುದನ್ನು ಸಾಬೀತುಪಡಿಸಲು ಶಾಸನ ಬೇಕಿಲ್ಲ, ಕಿವಿ ಸಾಕು. ಬೆಲೆ, ಆಕು ಎರಡೂ ಸೇರಿ ಲೋಪಸಂಧಿಯಿಂದ ‘ಬೆಲಾಕು’, ಅವಸರದಲ್ಲಿ ‘ಬ್ಲಾಕು’. ಎಕಾರದ ಮುಂದೆ ಯಕಾರಾಗಮವಾಗಿ ‘ಬೆಲೆಯಾಕು’ ಎಂದಾಗಬೇಕಲ್ಲವೇ ಎಂದು ವೈಯಾಕರಣರು ತಗಾದೆ ತೆಗೆದಾರು. ಪೊಲೀಸರ ಆಗಮದ ಭಯವಿದ್ದಲ್ಲಿ ಯಕಾರದ ಆಗಮಕ್ಕೆ ಆಸ್ಪದವಿಲ್ಲ. ಅಲ್ಲದೆ ಅರ್ಥ ಕೆಡದಿದ್ದರೆ ಲೋಪ ಮಾಡಬಹುದೆಂದು ವ್ಯಾಕರಣವೇ ಹೇಳುತ್ತದೆ. ಇಲ್ಲಿ ಕೆಡುವ ಅರ್ಥವೆಲ್ಲ ಕೊಂಡವನ ಜೇಬಿನದು. ಕನ್ನಡ ಪದ ಒತ್ತಕ್ಷರದಿಂದ ಶುರುವಾಗದು ಎಂಬ ಆಕ್ಷೇಪವೂ ನಿಲ್ಲುವುದಿಲ್ಲ. ‘ಬೇಡ’ ಎಂಬುದನ್ನು ‘ಬ್ಯಾಡ’ ಎನ್ನುವ, ‘ಪ್ರಾಣ’ವನ್ನು ಬಿಡಿಸಿ ‘ಪರಾಣ’ ಮಾಡುವ ನಾಲಿಗೆಗೆ ಇದೇನು ಮಹಾ?

ಕಿಟೆಲ್ ನಿಘಂಟಿನಲ್ಲಿ ಈ ಪದವಿಲ್ಲವೆಂದು ಕೆಲವರು ಬೀಗಬಹುದು. ಕಿಟೆಲ್ ನಿಘಂಟು ಅಚ್ಚಾದದ್ದು 1894ರಲ್ಲಿ. ಕನ್ನಡದ ಮೊದಲ ಟಾಕಿ ‘ಸತಿ ಸುಲೋಚನಾ’ ತೆರೆ ಕಂಡದ್ದು 1934ರಲ್ಲಿ. ನಲವತ್ತು ವರ್ಷ ಮುಂಚೆಯೇ ಟಿಕೆಟ್ ಹಿಡಿದಿಟ್ಟುಕೊಳ್ಳಲು ಕಿಟೆಲ್ ಪಾದ್ರಿಯೇ ಹೊರತು ಬ್ಲಾಕ್‌ನೋನಲ್ಲ. ಹಳಗನ್ನಡದ ವೈಯಾಕರಣ ಕೇಶಿರಾಜನ ಮೌನಕ್ಕೆ ಬೇರೆ ಕಾರಣವಿರಬೇಕು: ಆಸ್ಥಾನದ ನಂಟಿದ್ದವರಿಗೆ ಎಲ್ಲ ಕಾಲದಲ್ಲೂ ಪಾಸ್ ಸಿಗುತ್ತದೆ.

ಎಲ್ಲಕ್ಕಿಂತ ಗಟ್ಟಿ ಪುರಾವೆ ಒದಗಿಸಿದ್ದು ಭಾರತೀಯ ರೈಲ್ವೆ. ಅನಧಿಕೃತವಾಗಿ ಟಿಕೆಟ್ ಪಡೆದು ಪೂರೈಸುವ ದಂಧೆ ಮಾಡಿದವನಿಗೆ 1989ರ ರೈಲ್ವೆ ಕಾಯ್ದೆಯ 143ನೇ ಕಲಮು ಮೂರು ವರ್ಷದವರೆಗೆ ಜೈಲು, ಹತ್ತು ಸಾವಿರ ರೂಪಾಯಿವರೆಗೆ ದಂಡ, ಇಲ್ಲವೇ ಎರಡನ್ನೂ ವಿಧಿಸುತ್ತದೆ. ಅದೇ ರೈಲ್ವೆ 2016ರ ಸೆಪ್ಟೆಂಬರಿನಲ್ಲಿ ರಾಜಧಾನಿ, ಶತಾಬ್ದಿ, ದುರಂತೋ ರೈಲುಗಳಿಗೆ ಫ್ಲೆಕ್ಸಿ ದರ ತಂದಿತು. ಶೇ 10ರಷ್ಟು ಸೀಟು ತುಂಬಿದಂತೆಲ್ಲ ಮೂಲದರ ಶೇ 10ರಷ್ಟು ಏರುತ್ತ, ಹೆಚ್ಚೆಂದರೆ ಒಂದೂವರೆ ಪಟ್ಟಿಗೆ ಮುಟ್ಟಿ ನಿಲ್ಲುವಂಥ ಏರ್ಪಾಡು ಆಗಿನದು. ರಶ್ ನೋಡಿ ಬೆಲೆ ಹಾಕುವುದೆಂದರೆ ಇದೇ. ‘ಬ್ಲಾಕು’ ಬಣ್ಣದ ಹೆಸರೆಂದು ಹಟ ಹಿಡಿದರೆ ಸರ್ಕಾರಕ್ಕೇ ಮಸಿ ಬಳಿದಂತಾಗುತ್ತದೆ; ಬೆಲೆ ಹಾಕುವ ಕ್ರಿಯೆಯೆಂದು ಒಪ್ಪಿದರೆ ಮೆಜೆಸ್ಟಿಕ್ಕಿನ ಫುಟ್‌ಪಾತಿನವನೂ ರೈಲ್ವೆ ಮಂಡಳಿಯೂ ಒಂದೇ ಧಾತುವಿನಿಂದ ಹುಟ್ಟಿದವರೆಂಬುದು ನಿರ್ವಿವಾದ. ಒಬ್ಬರಿಗೆ ಕಲಮು ತಗಲುತ್ತದೆ, ಇನ್ನೊಬ್ಬರಿಗೆ ಇಲ್ಲ ಎಂಬುದು ವ್ಯಾಕರಣದ ವ್ಯಾಪ್ತಿಗೆ ಬಾರದು.

ಆದ್ದರಿಂದ ನಿಘಂಟುಕಾರರಲ್ಲಿ ಅರಿಕೆ: ‘ಬ್ಲಾಕು’ ಪದವನ್ನು ಅನ್ಯದೇಶ್ಯದ ಪಟ್ಟಿಯಿಂದ ಬಿಡಿಸಿ ದೇಶ್ಯಕ್ಕೆ ಸೇರಿಸಿ. ಪ್ರಯೋಗಕ್ಕೆ ಉದಾಹರಣೆ ಬೇಕಾದರೆ ದೀಪಾವಳಿಯ ಹಿಂದಿನ ದಿನ ಊರಿಗೆ ಹೊರಡುವ ಯಾವ ಬಸ್ಸಿನ ಟಿಕೆಟ್ ದರವನ್ನಾದರೂ ನೋಡಿಕೊಳ್ಳಿ.