ಡೀಸೆಲೋತ್ಥಾಪನ ಮೀಮಾಂಸೆ

ಉಪೋದ್ಘಾತ

ಮಲೆನಾಡಿನಲ್ಲಿ ಧನುರ್ಮಾಸದ ಬೆಳಗಿನ ಆರೂವರೆಗೆ ಹಳೆಯ ಡೀಸೆಲ್ ಅಂಬಾಸಿಡರ್ ಏಕೆ ಸ್ಟಾರ್ಟ್ ಆಗುವುದಿಲ್ಲ ಎಂಬ ಪ್ರಶ್ನೆಯನ್ನು ನಮ್ಮ ಆರು ದರ್ಶನಗಳಲ್ಲಿ ಒಂದೂ ಎತ್ತಿಲ್ಲ. ದರ್ಶನಕಾರರ ಕಾಲಕ್ಕೆ ಅಂಬಾಸಿಡರ್ ಇರಲಿಲ್ಲ ಎಂಬುದು ತಕ್ಕ ಸಮಾಧಾನವಲ್ಲ. ಮೊಲದ ಕೊಂಬು, ಆಕಾಶದ ಹೂವು, ಬಂಜೆಯ ಮಗ ಮುಂತಾದ ಇಲ್ಲದ ವಸ್ತುಗಳ ಬಗ್ಗೆ ಅವರು ಬೇಕಾದಷ್ಟು ಚರ್ಚಿಸಿದ್ದಾರೆ. ಆದ್ದರಿಂದ ಇದು ಕೇವಲ ಉಪೇಕ್ಷೆ ಎಂದೇ ತಿಳಿಯಬೇಕು. ಆ ಕೊರತೆಯನ್ನು ತುಂಬಲು ಈ ಪ್ರಬಂಧ ಹೊರಟಿದೆ.

ಶಾಸ್ತ್ರಗ್ರಂಥವೆಂದರೆ ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕನ್ನು ಮೊದಲೇ ಹೇಳಬೇಕು. ವಿಷಯ, ಏಳದ ಗಾಡಿ. ಪ್ರಯೋಜನ, ಅತ್ತೆಯವರನ್ನು ಏಳು ಗಂಟೆಯ ಬಸ್ಸಿಗೆ ಬಿಡುವುದು. ಸಂಬಂಧ, ಬಸ್ಸು ತಪ್ಪಿದರೆ ಕೆಡುವಂಥದ್ದು. ಇನ್ನು ಅಧಿಕಾರಿಗೆ ನಾಲ್ಕು ಸಾಧನಗಳಿರಬೇಕು. ಕಾದ ಹೀಟರಿಗೂ ಕಾಯದ ಹೀಟರಿಗೂ ಇರುವ ಭೇದವನ್ನು ಅರಿಯುವುದು ವಿವೇಕ. ಹೊಸ ಬ್ಯಾಟರಿಯ ಬೆಲೆ ಕೇಳಿಯೂ ಮುಖ ಬಾಡದಿರುವುದು ವೈರಾಗ್ಯ. ಸೆಲ್ಫ್ ಅನ್ನು ಒಂದೇ ಸಮ ಹೊಡೆಯದೆ, ಹತ್ತು ಸೆಕೆಂಡಿಗೆ ಕೈಬಿಟ್ಟು, ಅರ್ಧ ನಿಮಿಷ ಸುಮ್ಮನೆ ಕೂರುವುದು ಶಮದಮಾದಿ ಸಂಪತ್ತು. ಶೆಡ್ಡಿನಿಂದ ಹೊರಬರಬೇಕೆಂಬ ತೀವ್ರವಾದ ಬಯಕೆಯೇ ಮುಮುಕ್ಷುತ್ವ.

ಆಚಾರ್ಯ ಪರಂಪರೆ

ಈ ಶಾಸ್ತ್ರದ ಮೂಲಪುರುಷ ರುಡಾಲ್ಫ್ ಡೀಸೆಲ್. 1858ರಲ್ಲಿ ಪ್ಯಾರಿಸ್ಸಿನಲ್ಲಿ ಹುಟ್ಟಿದ ಈತ 1893ರಲ್ಲಿ ತನ್ನ ಸಿದ್ಧಾಂತದ ಗ್ರಂಥ ಪ್ರಕಟಿಸಿದ. ಅದರಂತೆ ನಡೆಯುವ ಎಂಜಿನನ್ನು ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ 1897ರಲ್ಲಿ ತೋರಿಸಿಕೊಟ್ಟ. ಸಿದ್ಧಾಂತ ಬಲು ಸರಳ: ಕಿಡಿ ಬೇಡ, ಗಾಳಿಯನ್ನು ಹಿಂಡಿ ಹಿಂಡಿ ಕಾಯಿಸು, ಕಾದ ಗಾಳಿಗೆ ಎಣ್ಣೆ ಚಿಮ್ಮಿಸು, ಅದು ತಾನೇ ಹೊತ್ತಿಕೊಳ್ಳುತ್ತದೆ. 1913ರ ಸೆಪ್ಟೆಂಬರ್ 29ರ ರಾತ್ರಿ ಆಚಾರ್ಯರು ಇಂಗ್ಲೆಂಡಿಗೆ ಹೋಗುವ ಹಡಗಿನಿಂದ ಕಾಣೆಯಾದರು. ಚಳಿಗಾಲದ ವಿಷಯದಲ್ಲಿ ಅವರ ಅಭಿಪ್ರಾಯ ಕೇಳುವ ದಾರಿ ಅಲ್ಲಿಗೆ ಮುಚ್ಚಿತು. ಅಂದಿನಿಂದ ಶಾಸ್ತ್ರ ವ್ಯಾಖ್ಯಾನಕಾರರ ಕೈಯಲ್ಲಿದೆ. ಅವರು ಗ್ಯಾರೇಜುಗಳಲ್ಲಿ ಸಿಗುತ್ತಾರೆ, ಹತ್ತು ಗಂಟೆಯ ಮೇಲೆ.

ಕರ್ನಾಟಕ ಶಾಖೆಯ ಪೀಠ ಬೆಂಗಳೂರಿನ ಆಡುಗೋಡಿ. 1951ರಲ್ಲಿ ಆರಂಭವಾದ ಮೈಕೋ ಕಂಪನಿ ಡೀಸೆಲ್ ಪಂಪು, ನಾಝಲ್ಲುಗಳನ್ನು ತಯಾರಿಸಿ ದೇಶಕ್ಕೆಲ್ಲ ಹಂಚಿತು. 2008ರಲ್ಲಿ ಹೆಸರು ಬಾಷ್ ಎಂದು ಬದಲಾದರೂ ಶಿಷ್ಯರು ಇಂದಿಗೂ ಮೈಕೋ ಎಂದೇ ಸ್ಮರಿಸುತ್ತಾರೆ. ಇನ್ನು ನಮ್ಮ ಪ್ರಬಂಧದ ಧರ್ಮಿಯಾದ ಅಂಬಾಸಿಡರ್ 1950ರ ದಶಕದ ಕೊನೆಗೆ ರಸ್ತೆಗಿಳಿದು 2014ರವರೆಗೆ ತಯಾರಾಯಿತು. 1980ರ ಸುಮಾರಿಗೆ ಅದಕ್ಕೆ 1489 ಸಿಸಿಯ ಡೀಸೆಲ್ ಎಂಜಿನ್ ಬಂತು. ಆ ಎಂಜಿನ್ನಿನಲ್ಲಿ ಎಣ್ಣೆ ನೇರವಾಗಿ ಸಿಲಿಂಡರಿಗೆ ಬೀಳುವುದಿಲ್ಲ. ಪಕ್ಕದ ಒಂದು ಪುಟ್ಟ ಕೋಣೆಯಲ್ಲಿ ಹೊತ್ತಿಕೊಂಡು ಆಮೇಲೆ ಹೊರಬರುತ್ತದೆ. ಆ ಕೋಣೆಯ ಗೋಡೆ ತಣ್ಣಗಿದ್ದರೆ ಗಾಳಿಯ ಶಾಖವನ್ನೆಲ್ಲ ನುಂಗಿಬಿಡುತ್ತದೆ. ಆದ್ದರಿಂದಲೇ ಅಲ್ಲಿ ಹೀಟರ್ ಪ್ಲಗ್ ಎಂಬ ದೇವತೆಯ ಪ್ರತಿಷ್ಠಾಪನೆ.

ಪೂರ್ವಪಕ್ಷ: ಚಳಿಯೇ ಕಾರಣ

ಲೋಕದ ಮತ ಹೀಗಿದೆ: ಗಾಡಿ ಏಳದ್ದಕ್ಕೆ ಚಳಿ ಕಾರಣ. ಇದರಲ್ಲಿ ಎರಡು ಪಂಗಡಗಳು.

ಮೊದಲನೆಯವರು ಘನೀಭಾವವಾದಿಗಳು. ಚಳಿಗೆ ಡೀಸೆಲ್ ಗಟ್ಟಿಯಾಗುತ್ತದೆ ಎನ್ನುತ್ತಾರೆ. ಡೀಸೆಲಿನಲ್ಲಿ ಮೇಣವಿರುವುದೂ ತಣ್ಣಗಾದಾಗ ಅದು ಬೇರ್ಪಟ್ಟು ಫಿಲ್ಟರ್ ಕಟ್ಟುವುದೂ ನಿಜ. ಆದರೆ ಎಷ್ಟು ತಣ್ಣಗಾದಾಗ? ನಮ್ಮ ದೇಶದ ಮಾನದಂಡದ ಪ್ರಕಾರ ಚಳಿಗಾಲದಲ್ಲಿ ಮಾರುವ ಡೀಸೆಲ್ 3 ಡಿಗ್ರಿಯವರೆಗೂ ಹರಿಯಬೇಕು. ಲಡಾಖಿಗೆಂದು 2019ರಲ್ಲಿ ಇಂಡಿಯನ್ ಆಯಿಲ್ ತಂದ ಡೀಸೆಲಂತೂ ಸೊನ್ನೆಗಿಂತ 33 ಡಿಗ್ರಿ ಕೆಳಗೂ ಹರಿಯುವಂಥದ್ದು. ಮಡಿಕೇರಿಯ ಜನವರಿ ಬೆಳಗು ಚಳಿ ಹೆಚ್ಚಿದಾಗ 10 ಡಿಗ್ರಿಯ ಆಸುಪಾಸು. ಆದ್ದರಿಂದ ಕೊಪ್ಪದಲ್ಲೋ ಮೂಡಿಗೆರೆಯಲ್ಲೋ ನಿಂತು ಡೀಸೆಲ್ ಹೆಪ್ಪುಗಟ್ಟಿತು ಎನ್ನುವವರು ಲಡಾಖಿನ ದುಃಖವನ್ನು ಸಾಲ ತಂದವರು. ಬೇಸಿಗೆಯ ಡೀಸೆಲಿಗೆ ಮಿತಿ 15 ಡಿಗ್ರಿ. ಏಪ್ರಿಲ್‌ನಲ್ಲಿ ಡ್ರಮ್ಮು ತುಂಬಿಟ್ಟು ಅದನ್ನೇ ಜನವರಿಯಲ್ಲಿ ಹೊಯ್ಯುವ ತೋಟದವರಿಗೆ ಮಾತ್ರ ಈ ವಾದದಲ್ಲಿ ಅರ್ಧ ಎಕರೆ ಜಾಗ ಕೊಡಬಹುದು.

ಎರಡನೆಯವರು ಶೀತವಾಯುವಾದಿಗಳು. ಒಳಗೆ ಹೋಗುವ ಗಾಳಿಯೇ ತಣ್ಣಗಿದ್ದರೆ ಕಾಯುವುದು ಹೇಗೆ ಎಂಬುದು ಇವರ ಆಕ್ಷೇಪ. ಲೆಕ್ಕ ಮಾಡಿ ನೋಡೋಣ. ಗಾಳಿಯನ್ನು ಇಪ್ಪತ್ತರಲ್ಲಿ ಒಂದು ಭಾಗಕ್ಕೆ ಹಿಂಡಿದರೆ, ಶಾಖ ಎಲ್ಲೂ ಸೋರಲಿಲ್ಲ ಎಂದಿಟ್ಟುಕೊಂಡರೆ, 30 ಡಿಗ್ರಿಯ ಗಾಳಿ ಸುಮಾರು 730 ಡಿಗ್ರಿಗೆ ಏರುತ್ತದೆ. 10 ಡಿಗ್ರಿಯ ಗಾಳಿ 665ಕ್ಕೆ ಏರುತ್ತದೆ. ಡೀಸೆಲ್ ತಾನಾಗಿ ಹೊತ್ತಿಕೊಳ್ಳಲು 210 ಡಿಗ್ರಿ ಸುಮಾರು ಸಾಕು. ಅಂದರೆ ಮಡಿಕೇರಿಯ ಚಳಿ ಕಸಿದುಕೊಂಡದ್ದು ಅರುವತ್ತೈದು ಡಿಗ್ರಿ ಮಾತ್ರ. ಉಳಿದ ನಾನೂರೈವತ್ತು ಡಿಗ್ರಿ ಎಲ್ಲಿ ಹೋಯಿತು?

ಇಲ್ಲಿ ಸಿದ್ಧಾಂತ. ಸವೆದ ರಿಂಗಿನ ಸಂದಿಯಿಂದ ಹೋಯಿತು. ಕೂರದ ವಾಲ್ವಿನಿಂದ ಹೋಯಿತು. ಸೆಲ್ಫ್ ನಿಧಾನಕ್ಕೆ ತಿರುಗಿದ್ದರಿಂದ ಸೋರುವುದಕ್ಕೂ ಗೋಡೆ ನುಂಗುವುದಕ್ಕೂ ಹೆಚ್ಚು ಸಮಯ ಸಿಕ್ಕಿ ಹೋಯಿತು. ತುಂಬಿಕೊಡಬೇಕಾದ ಹೀಟರ್ ಎಂದೋ ಸತ್ತಿದ್ದರಿಂದ ತಿರುಗಿ ಬರಲಿಲ್ಲ. ಆದ್ದರಿಂದ ಹಳತನ ಉಪಾದಾನ ಕಾರಣ, ಚಳಿ ಬರೀ ನಿಮಿತ್ತ. ನಿಮಿತ್ತವನ್ನು ಬೈದರೆ ಖರ್ಚಿಲ್ಲ, ಉಪಾದಾನವನ್ನು ಮುಟ್ಟಿದರೆ ಖರ್ಚಿದೆ. ಲೋಕಮತದ ಜನಪ್ರಿಯತೆಗೆ ಇದಕ್ಕಿಂತ ಬೇರೆ ಪ್ರಮಾಣ ಬೇಡ.

ಧೂಮ ಪ್ರಕರಣ

ಹೊಗೆ ಕಂಡಲ್ಲಿ ಬೆಂಕಿಯಿದೆ ಎಂದು ತಾರ್ಕಿಕರು ಬೆಟ್ಟವನ್ನೂ ಅಡುಗೆಮನೆಯನ್ನೂ ಮುಂದಿಟ್ಟು ಸಾಧಿಸಿದ್ದಾರೆ. ಈ ವ್ಯಾಪ್ತಿಯನ್ನು ಅಂಬಾಸಿಡರ್ ಪ್ರತಿದಿನ ಬೆಳಿಗ್ಗೆ ಮುರಿಯುತ್ತದೆ. ಸೆಲ್ಫ್ ಹೊಡೆದಾಗ ಸೈಲೆನ್ಸರಿನಿಂದ ದಟ್ಟ ಬಿಳಿ ಹೊಗೆ ಬರುತ್ತದೆ. ಒಳಗೆ ಬೆಂಕಿ ಇರುವುದಿಲ್ಲ. ಬೆಂಕಿ ಇದ್ದಿದ್ದರೆ ಗಾಡಿ ಏಳುತ್ತಿತ್ತು.

ತಾರ್ಕಿಕರ ಸಮಾಧಾನ ಇದು: ಅದು ಹೊಗೆಯಲ್ಲ, ಆವಿ, ಆವಿಯನ್ನು ಹೊಗೆಯೆಂದು ಭ್ರಮಿಸಿದವನ ಅನುಮಾನ ಕೆಟ್ಟರೆ ಶಾಸ್ತ್ರ ಹೊಣೆಯಲ್ಲ. ಆಶ್ಚರ್ಯವೆಂದರೆ ಇದು ನೂರಕ್ಕೆ ನೂರು ಸರಿ. ಬಿಳಿ ಹೊಗೆಯೆಂದರೆ ಉರಿಯದೆ ಹೊರಬಂದ ಡೀಸೆಲಿನ ಹನಿಗಳೇ. ತರ್ಕಶಾಸ್ತ್ರದ ಮರ್ಯಾದೆ ಉಳಿಯಿತು. ಅತ್ತೆಯವರ ಬಸ್ಸು ಹೋಯಿತು.

ಆದರೂ ಪ್ರಕರಣದ ಫಲ ದೊಡ್ಡದು. ಸೆಲ್ಫ್ ಹೊಡೆಯುವಾಗ ಹೊಗೆಯೇ ಇಲ್ಲದಿದ್ದರೆ ಡೀಸೆಲ್ ಸಿಲಿಂಡರಿಗೆ ಬರುತ್ತಿಲ್ಲ ಎಂದರ್ಥ, ಹೀಟರನ್ನು ದೂರಬಾರದು. ಬಿಳಿಯಾಗಿ ಬಂದರೆ ಡೀಸೆಲ್ ಬರುತ್ತಿದೆ, ಶಾಖ ಸಾಲದು, ಪಂಪನ್ನು ಬಿಚ್ಚಬಾರದು. ಎದ್ದ ಮೇಲೂ ಕಪ್ಪು ಹೊಗೆ ನಿಲ್ಲದಿದ್ದರೆ ಏರ್ ಫಿಲ್ಟರ್ ಅಥವಾ ನಾಝಲ್. ನೀಲಿಯಾದರೆ ಎಂಜಿನ್ ಆಯಿಲ್ ಉರಿಯುತ್ತಿದೆ. ಇಷ್ಟು ತಿಳಿದರೆ ಅರ್ಧ ರಿಪೇರಿ ಉಳಿಯಿತು. ಪ್ರತ್ಯಕ್ಷ ಪ್ರಮಾಣಕ್ಕಾಗಿ ಗಾಡಿಯ ಹಿಂದೆ ಒಬ್ಬ ಸಾಕ್ಷಿಯನ್ನು ನಿಲ್ಲಿಸುವುದು ರೂಢಿ. ಮಂಕಿ ಟೋಪಿ ಹಾಕಿ ಸ್ಟೇರಿಂಗಿನ ಹಿಂದೆ ಕುಳಿತವರಿಗೂ, ಶಾಲು ಹೊದ್ದು ಹಿಂದೆ ನಿಂತವರಿಗೂ ನಡೆಯುವ ಸಂವಾದದ ಮಾದರಿ:

“ಬಂತಾ ಭಾವ?”

“ಬಂತು, ಬಂತು.”

“ಯಾವ ಬಣ್ಣ?”

“ಈ ಮಂಜಲ್ಲಿ ಎಂಥ ಬಣ್ಣ ಗೊತ್ತಾಗ್ತದೆ ಮಾರಾಯ್ರೆ? ನೀವೇ ಕಾಣ್ತಾ ಇಲ್ಲ.”

ಪ್ರತ್ಯಕ್ಷಕ್ಕೂ ಮಿತಿಯುಂಟು ಎಂಬುದಕ್ಕೆ ಇದೇ ದೃಷ್ಟಾಂತ. ಇಂಥ ಕಡೆ ಮೂಗಿನಿಂದ ನಿರ್ಣಯಿಸಬೇಕು. ಹಸಿ ಡೀಸೆಲ್ ವಾಸನೆ ಮಂಜಿಗೆ ಇರುವುದಿಲ್ಲ.

ಹೀಟರ್ ಪ್ರಕರಣ

ಹೊಗೆಯಿಲ್ಲದ ಬೆಂಕಿಗೆ ತಾರ್ಕಿಕರು ಕೊಡುವ ಉದಾಹರಣೆ ಕಾದು ಕೆಂಪಾದ ಕಬ್ಬಿಣದ ಗುಂಡು. ಹೀಟರ್ ಪ್ಲಗ್ಗಿನ ತುದಿ ಅದೇ. ಸರಿಯಿದ್ದರೆ ಅದು 800 ಡಿಗ್ರಿ ಮೀರಿ ಕಾಯುತ್ತದೆ.

ಪ್ಲಗ್ಗುಗಳ ವಿಷಯದಲ್ಲಿ ಎರಡು ಮತಗಳಿವೆ. ತೀರ ಹಳೆಯ ಗಾಡಿಗಳದು ಅದ್ವೈತ. ನಾಲ್ಕೂ ಪ್ಲಗ್ಗುಗಳಲ್ಲಿ ಹರಿಯುವ ಕರೆಂಟು ಒಂದೇ. ಒಂದು ಪ್ಲಗ್ಗು ಸುಟ್ಟರೆ ನಾಲ್ಕೂ ತಣ್ಣಗೆ. ಭೇದವೆಂಬುದು ತೋರಿಕೆ. ಯಾವುದು ಸತ್ತಿತೆಂದು ಒಂದೊಂದಾಗಿ ನೋಡಿಯೇ ತಿಳಿಯಬೇಕು. ಆಮೇಲಿನ ಗಾಡಿಗಳದು ದ್ವೈತ. ಪ್ಲಗ್ಗಿಗೂ ಪ್ಲಗ್ಗಿಗೂ ಭೇದ ಸತ್ಯ. ಪ್ರತಿಯೊಂದಕ್ಕೂ ಬೇರೆ ದಾರಿಯಲ್ಲಿ ಕರೆಂಟು. ಇಲ್ಲಿ ತಾರತಮ್ಯವೂ ಉಂಟು: ಒಂದು ಕೆಂಪಾಗುತ್ತದೆ, ಒಂದು ಬೆಚ್ಚಗಾಗುತ್ತದೆ, ಎರಡು ನಿತ್ಯಸಂಸಾರಿಗಳು. ಅಂಥ ಗಾಡಿ ಎರಡು ಸಿಲಿಂಡರಿನಲ್ಲಿ ಕುಂಟುತ್ತ ಎದ್ದು, ಬಡಬಡ ನಡುಗಿ, ಒಂದು ನಿಮಿಷದ ಮೇಲೆ ಸರಿಯಾಗುತ್ತದೆ. ಒಡೆಯ ಅದನ್ನೂ ಚಳಿಯ ನಡುಕವೆನ್ನುತ್ತಾನೆ.

ದ್ವೈತದ ಗಾಡಿಗಳಲ್ಲಿ ಪರೀಕ್ಷೆ ಸುಲಭ. ಪ್ಲಗ್ಗಿನ ತಲೆಯ ಪಟ್ಟಿ ಬಿಚ್ಚಿ, ಟೆಸ್ಟ್ ಲ್ಯಾಂಪಿನ ಒಂದು ತುದಿಯನ್ನು ಬ್ಯಾಟರಿಯ ಪ್ಲಸ್ಸಿಗೂ ಇನ್ನೊಂದನ್ನು ಪ್ಲಗ್ಗಿನ ತಲೆಗೂ ಮುಟ್ಟಿಸಬೇಕು. ಬಲ್ಬು ಹೊತ್ತಿದರೆ ಪ್ಲಗ್ಗಿಗೆ ಜೀವವಿದೆ. ನಾಲ್ಕೂ ಸರಿಯಿದ್ದೂ ಕಾಯದಿದ್ದರೆ ರಿಲೇ, ಫ್ಯೂಸ್, ವೈರು. ಎಲ್ಲ ಸರಿಯಿದ್ದೂ ಏಳದಿದ್ದರೆ ಒಡೆಯನ ಆತುರ. ಹಳೆಯ ಸುರುಳಿ ಪ್ಲಗ್ಗಿಗೆ ಅರ್ಧ ನಿಮಿಷಕ್ಕೂ ಹೆಚ್ಚು ಬೇಕು.

ವಾಯು ಮತ್ತು ವಿದ್ಯುತ್ ಪ್ರಕರಣ

ಹೊಗೆಯೇ ಬಾರದವರು ಮೊದಲು ಡ್ಯಾಶ್‌ಬೋರ್ಡಿನ ಕೆಳಗೆ ನೋಡಬೇಕು. ರಾತ್ರಿ ಎಂಜಿನ್ ನಿಲ್ಲಿಸಲು ಎಳೆದ ಸ್ಟಾಪ್ ನಾಬನ್ನು ಮತ್ತೆ ಒಳಗೆ ತಳ್ಳಿದ್ದೀರಾ? ಈ ಒಂದು ಪ್ರಶ್ನೆಯಿಂದ ಬದುಕಿದ ಪಂಪುಗಳು ಅನೇಕ.

ನಾಬು ಒಳಗಿದ್ದರೆ ಏರ್ ಲಾಕ್. ಫಿಲ್ಟರಿನ ವಾಷರ್, ಪೈಪಿನ ಕ್ಲಿಪ್ಪು ಸಡಿಲವಾದರೆ ರಾತ್ರಿಯಿಡೀ ಡೀಸೆಲ್ ಮೆಲ್ಲಗೆ ಟ್ಯಾಂಕಿಗೆ ಹಿಂತಿರುಗಿ, ಪೈಪಿನಲ್ಲಿ ಗಾಳಿ ಕೂರುತ್ತದೆ. ಇದಕ್ಕೆ ಪ್ರಾಣಾಯಾಮ ವಿಧಿ: ಫಿಲ್ಟರಿನ ಮೇಲಿನ ಬ್ಲೀಡ್ ಸ್ಕ್ರೂ ಸಡಿಲಿಸಿ, ಹ್ಯಾಂಡ್ ಪ್ರೈಮರ್ ಒತ್ತುತ್ತ ಇರಬೇಕು. ಮೊದಲು ಬುರುಬುರು ನೊರೆ, ಆಮೇಲೆ ಗುಳ್ಳೆ, ಕೊನೆಗೆ ಗುಳ್ಳೆಯಿಲ್ಲದ ಶುದ್ಧ ಡೀಸೆಲ್ ಬೆರಳ ಮೇಲೆ ಇಳಿಯುತ್ತದೆ. ಆಗ ಸ್ಕ್ರೂ ಬಿಗಿಯಬೇಕು. ಮರುದಿನ ಮತ್ತೆ ಗಾಳಿ ಬಂದರೆ ಸೋರುವ ಜಾಗ ಹುಡುಕಬೇಕೇ ಹೊರತು ಪ್ರಾಣಾಯಾಮವನ್ನು ನಿತ್ಯಕರ್ಮ ಮಾಡಿಕೊಳ್ಳಬಾರದು.

ಬ್ಯಾಟರಿ ವಿಶ್ರಾಂತಿಯಲ್ಲಿ 12.6 ವೋಲ್ಟ್ ತೋರಿಸಬೇಕು. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಕುಸಿದರೆ ಅದರ ಆಯುಷ್ಯ ಮುಗಿಯುತ್ತ ಬಂದಿದೆ. ಟರ್ಮಿನಲ್ಲಿನ ಮೇಲೆ ಹಸಿರು ಬಿಳಿ ಪುಡಿ ಕಟ್ಟಿದ್ದರೆ ಒಂದು ಚೊಂಬು ಬಿಸಿನೀರು ಹೊಯ್ದು, ಉಜ್ಜಿ, ಒರೆಸಿ, ಬಿಗಿಯಬೇಕು. ಎಂಜಿನ್ನಿನಿಂದ ಗಾಡಿಯ ಬಾಡಿಯತ್ತ ಹೋಗುವ ಅರ್ತ್ ಪಟ್ಟಿಯನ್ನೂ ನೋಡಬೇಕು. ಅದು ತುಕ್ಕು ಹಿಡಿದು ತಿಂದಷ್ಟು ಕರೆಂಟನ್ನು ಚಳಿ ತಿನ್ನುವುದಿಲ್ಲ.

ನಿಷಿದ್ಧ ಪ್ರಕರಣ

ಟ್ಯಾಂಕಿನ ಕೆಳಗೆ ಬೆಂಕಿ ಹಾಕಬಾರದು. ಹೀಟರ್ ಪ್ಲಗ್ ಇರುವ ಎಂಜಿನ್ನಿಗೆ ಈಥರ್ ಸ್ಪ್ರೇ ಹೊಡೆಯಬಾರದು. ಕೆಂಪಾದ ತುದಿಗೆ ಅದು ತಾಗಿದರೆ ಹೊತ್ತುವುದಿಲ್ಲ, ಸಿಡಿಯುತ್ತದೆ, ಪಿಸ್ಟನ್ ಒಡೆಯುತ್ತದೆ. ಏರ್ ಫಿಲ್ಟರಿನ ಬಾಯಿಗೆ ಉರಿಯುವ ಬಟ್ಟೆ ಹಿಡಿಯುವ ಪದ್ಧತಿ ಕೆಲವೆಡೆ ಉಂಟು. ಶಿಷ್ಟಾಚಾರವೆಂದು ಅದನ್ನು ಅನುಸರಿಸಿದವರು ಹುಬ್ಬು ಕಳೆದುಕೊಳ್ಳುತ್ತಾರೆ.

ಇಳಿಜಾರು ಸಂಪ್ರದಾಯವನ್ನು ಪೂರ್ತಿ ನಿಷೇಧಿಸಲಾಗದು. ಡೀಸೆಲ್ ಎಂಜಿನ್ ಓಡಲು ಕಿಡಿ ಬೇಡವಾದ್ದರಿಂದ ಹೀಟರ್ ಕಾಯಿಸಿ, ಸೆಕೆಂಡ್ ಗೇರಿನಲ್ಲಿಟ್ಟು, ಉರುಳಿಸಿ ಕ್ಲಚ್ ಬಿಟ್ಟರೆ ಏಳುತ್ತದೆ. ಮಲೆನಾಡಿನಲ್ಲಿ ಮನೆ ಕಟ್ಟುವಾಗ ವಾಸ್ತುವಿಗಿಂತ ಮೊದಲು ಶೆಡ್ಡಿನ ಇಳಿಜಾರು ನೋಡುವವರಿದ್ದಾರೆ. ದೋಷವೆಂದರೆ ಇದು ರೋಗವನ್ನು ಮುಚ್ಚುತ್ತದೆ. ಚಳಿಯ ಮೇಲೆ ದೂರು ಹೊತ್ತು ಗ್ಯಾರೇಜಿಗೆ ಹೋದ ಒಬ್ಬ ಒಡೆಯರಿಗೆ ಮೇಸ್ತ್ರಿಯೊಬ್ಬರು, ಸ್ಪ್ಯಾನರ್ ಒರೆಸುತ್ತ, ಕೊಟ್ಟ ವ್ಯಾಖ್ಯಾನ ಈ ಪ್ರಬಂಧದ ಸಾರಸಂಗ್ರಹದಂತಿದೆ:

“ಚಳಿಗಲ್ಲ ಸಾರ್. ನಿಮ್ಮ ಗಾಡಿ ಬೇಸಿಗೇಲೂ ಸೆಲ್ಫಲ್ಲಿ ಏಳ್ತಾ ಇರ್ಲಿಲ್ಲ. ಇಳಿಜಾರಲ್ಲಿ ಬಿಡ್ತಿದ್ರಿ, ಗೊತ್ತಾಗ್ತಿರ್ಲಿಲ್ಲ ಅಷ್ಟೆ.”

ಫಲಶ್ರುತಿ

ಈ ಪ್ರಬಂಧವನ್ನು ಬೆಳಿಗ್ಗೆ ಶೆಡ್ಡಿನ ಮುಂದೆ ನಿಂತು ಪಾರಾಯಣ ಮಾಡಿದವರಿಗೆ ಯಾವ ಫಲವೂ ಇಲ್ಲ. ಹೀಟರ್ ಪ್ಲಗ್ಗುಗಳನ್ನು ಪರೀಕ್ಷಿಸಿ ಬದಲಿಸಿದವರಿಗೆ ಗಾಡಿ ಏಳುವುದು. ಟರ್ಮಿನಲ್ ತೊಳೆದವರಿಗೆ ಸೆಲ್ಫ್ ಚುರುಕಾಗುವುದು. ಸ್ಟಾಪ್ ನಾಬ್ ನೋಡಿಕೊಂಡವರಿಗೆ ಮೇಸ್ತ್ರಿಯ ಮುಂದೆ ಮಾನ ಉಳಿಯುವುದು. ಇದೆಲ್ಲವನ್ನೂ ಓದಿ ಮುಗಿಸಿ, ಆದರೂ ಎಲ್ಲ ಚಳಿಯದೇ ಕಾಟ ಎನ್ನುವವರು ಏಪ್ರಿಲ್‌ವರೆಗೆ ನೆಮ್ಮದಿಯಿಂದಿರಬಹುದು. ಆಮೇಲೆ ಅವರು ಬಿಸಿಲಿನ ಮೇಲೆ ಬೇರೊಂದು ಪ್ರಬಂಧ ಬರೆಯಬೇಕಾದೀತು.