ಒಲಿಂಪಿಕ್ ಬಂದ್ರ ನೀರು ಎಷ್ಟು ದಿನಕ್ಕೊಮ್ಮೆ ಬರ್ತಾವ್ರಿ?

ಜರ್ಮನಿಯ ಹ್ಯಾಂಬರ್ಗ್ ನಗರ 2015ರ ನವೆಂಬರಿನಲ್ಲಿ ತನ್ನ ಜನರನ್ನು ಮತಗಟ್ಟೆಗೆ ಕರೆದು, ‘ಒಲಿಂಪಿಕ್ಸ್ ನಮ್ಮಲ್ಲಿ ನಡೆಸೋಣವೋ ಬೇಡವೋ’ ಎಂದು ಕೇಳಿತು. ಮತ ಹಾಕಿದವರಲ್ಲಿ ಶೇಕಡಾ 51.6 ಮಂದಿ ಬೇಡವೆಂದರು. ಅಲ್ಲಿಗೆ ಮುಗಿಯಿತು. ಅಮೆರಿಕದ ಕೊಲರಾಡೊದವರು ಇನ್ನೂ ಜೋರು. 1976ರ ಚಳಿಗಾಲದ ಒಲಿಂಪಿಕ್ಸ್ ಅವರ ಡೆನ್ವರ್ ನಗರಕ್ಕೆ ಕೊಟ್ಟಾಗಿತ್ತು. 1972ರಲ್ಲಿ ಮತ ಹಾಕಿ, ದುಡ್ಡು ಕೊಡುವುದಿಲ್ಲ ಅಂದು, ಅದನ್ನು ವಾಪಸ್ ಕಳಿಸಿದರು. ಮ್ಯೂನಿಕ್‌ನವರು ಮಾತ್ರ 2025ರ ಅಕ್ಟೋಬರಿನಲ್ಲಿ ಮೂರರಲ್ಲಿ ಎರಡು ಪಾಲು ಮಂದಿ ಹೂಂ ಅಂದರು.

ನಮ್ಮ ದೇಶ 2036ರ ಒಲಿಂಪಿಕ್ಸ್ ನಡೆಸಲು ಇಚ್ಛೆಯಿದೆಯೆಂದು 2024ರ ಅಕ್ಟೋಬರ್ 1ರಂದು ಪತ್ರ ಬರೆಯಿತು. ಗದಗ-ಬೆಟಗೇರಿಯ ಒಂದು ನರಪಿಳ್ಳೆಯನ್ನೂ ಕೇಳಲಿಲ್ಲ.

“ನಡಿಯೂದು ಅಹಮದಾಬಾದಿನ್ಯಾಗ. ಗದಗಿನವ್ರನ್ನ ಯಾಕ ಕೇಳಬೇಕು?” ಅಂದಳು ಮನೆಯಾಕೆ.

“ತೆರಿಗಿ ಕೇಳುವಾಗ ಗದಗ ನೆನಪಿರ್ತೈತಲ್ಲ?” ಅಂದೆ. ಈ ಮಾತು ಎಷ್ಟು ಚೆನ್ನಾಗಿ ಬಂತೆಂದರೆ, ಅದರ ಮರ್ಯಾದೆ ಉಳಿಸುವ ಸಲುವಾಗಿಯಾದರೂ ಜನಾಭಿಪ್ರಾಯ ಸಂಗ್ರಹಕ್ಕೆ ಹೊರಡುವುದು ಅನಿವಾರ್ಯವಾಯಿತು.

ಕ್ರೀಡೆಗೂ ನನಗೂ ಇರುವ ನಂಟನ್ನು ಮುಚ್ಚಿಡುವುದಿಲ್ಲ. ಶಾಲೆಯ ಕಬಡ್ಡಿ ತಂಡದಲ್ಲಿ ಆಡುವವರ ಅಂಗಿ, ಚಪ್ಪಲಿ ಕಾಯುವ ಜವಾಬ್ದಾರಿ ನನ್ನದಿತ್ತು. ಒಂದು ಪಂದ್ಯದಲ್ಲಿ ನಾಯಕನ ಎಡಗಾಲ ಚಪ್ಪಲಿ ಕಳೆದ ಮೇಲೆ ನನ್ನನ್ನು ಅಲ್ಲಿಂದಲೂ ಕೈಬಿಟ್ಟರು. ಇದೇ ಗದಗಿನಲ್ಲಿ ಹುಟ್ಟಿದ ಸುನಿಲ್ ಜೋಶಿ 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕಾದ ಮೇಲೆ ಹತ್ತು ಓವರು ಎಸೆದು, ಬರೀ ಆರು ರನ್ ಕೊಟ್ಟು ಐದು ವಿಕೆಟ್ ಕಿತ್ತ. ಅವನು ಕುಡಿದ ನೀರನ್ನೇ ನಾನೂ ಕುಡಿದವನು. ಅಷ್ಟೇ ನನ್ನ ಅರ್ಹತೆ.

ಪ್ರಶ್ನಾವಳಿ ಅಚ್ಚು ಹಾಕಿಸಲು ಗದಗಿನಲ್ಲಿ ತ್ರಾಸಿಲ್ಲ. ಮುದ್ರಣಕ್ಕೆ ಹೆಸರಾದ ಊರು. ಆದರೆ ನಾನು ಹೋದದ್ದು ಮದುವೆ ಸುಗ್ಗಿಯಲ್ಲಿ. ಪ್ರೆಸ್ಸಿನ ಹುಡುಗನಿಗೆ, ‘ಮೇಲೆ ಐದು ಉಂಗುರ ಇರಲಿ, ಒಂದಕ್ಕೊಂದು ಸಿಕ್ಕಿಸಿದ್ದು’ ಎಂದು ಹೇಳಿ ಬಂದಿದ್ದೆ. ಸಂಜೆಗೆ ಗಂಟು ಬಿಚ್ಚಿ ನೋಡಿದರೆ ನೆತ್ತಿಯ ಮೇಲೆ ‘ಶ್ರೀ ವೀರನಾರಾಯಣ ಪ್ರಸನ್ನ’, ಅದರ ಕೆಳಗೆ ಎರಡೇ ಎರಡು ಉಂಗುರ.

“ಇನ್ನ ಮೂರು ಎಲ್ಲಿ ಹೋದ್ವೋ ತಮ್ಮಾ?”

“ಎಂಗೇಜ್‌ಮೆಂಟಿಗೆ ಎರಡ ಇರ್ತಾವ್ರಿ ಕಾಕಾ. ಐದು ಯಾರೂ ಹಾಕ್ಸಂಗಿಲ್ಲ.”

ಅಡಿಯಲ್ಲಿ ‘ಸುಖಾಗಮನ ಬಯಸುವವರು’ ಎಂದು ನನ್ನ ಹೆಸರು. ಮೂಲೆಯಲ್ಲಿ ‘ಆಶೀರ್ವಾದವೇ ಉಡುಗೊರೆ’. ನಡುವೆ ನನ್ನ ಪ್ರಶ್ನೆ, ‘ನಮ್ಮ ಭಾಗದಲ್ಲಿ ಅಂತರರಾಷ್ಟ್ರೀಯ ಕ್ರೀಡಾಕೂಟ ನಡೆದರೆ ತಮ್ಮ ಒಪ್ಪಿಗೆ ಇದೆಯೇ?’ ಮತ್ತೆ ಅಚ್ಚು ಹಾಕಿಸಲು ದುಡ್ಡಿರಲಿಲ್ಲ. ಹಾಗೇ ಹೊರಟೆ.

ಮೊದಲನೆಯ ಮತ ಗದಗಿನ ಒಬ್ಬ ಮಿರ್ಚಿ ಭಜಿಯವನದು. ಕಾದ ಎಣ್ಣೆಯ ಮುಂದೆ ನಿಂತವನಿಗೆ ಓದಲು ಪುರಸೊತ್ತಿರಲಿಲ್ಲ, ನಾನೇ ವಿವರಿಸಿದೆ. ಪ್ಯಾರಿಸಿನಲ್ಲಿ 2024ರಲ್ಲಿ ಹತ್ತು ಸಾವಿರಕ್ಕೂ ಮಿಕ್ಕಿ ಕ್ರೀಡಾಪಟುಗಳು ಸೇರಿದ್ದರು ಅಂದದ್ದೇ ತಡ, ಅವನ ಜಾರಾ ಬಾಣಲೆಯ ಮೇಲೆಯೇ ನಿಂತಿತು. ತಲೆಗೆ ನಾಲ್ಕರಂತೆ ನಲವತ್ತು ಸಾವಿರ ಮಿರ್ಚಿ, ಹಿಟ್ಟು ಎಷ್ಟು, ಎಣ್ಣೆ ಎಷ್ಟು, ಬ್ಯಾಡಗಿಯಿಂದ ಬಂದವರಿದ್ದರೆ ಅವರಿಗೆ ಇನ್ನಷ್ಟು ಖಾರ. ಲೆಕ್ಕ ನಡೆದಿರುವಾಗಲೇ ಬಾಣಲೆಯಲ್ಲಿದ್ದವು ಕರಕಾದವು. ಆ ಕರಕು ತಾಟನ್ನು ನನ್ನ ಮುಂದಿಟ್ಟು ದುಡ್ಡು ತಗೊಂಡ. ಮತ: ಒಪ್ಪಿಗೆ.

ಬೆಟಗೇರಿಯ ನೇಕಾರರ ಓಣಿಯಲ್ಲಿ ಮಗ್ಗದ ಸದ್ದಿನ ನಡುವೆ ಒಬ್ಬ ಹಿರಿಯಳು ಕಾರ್ಡನ್ನು ಕಣ್ಣಿಗೆ ಹತ್ತಿರ ಹಿಡಿದು, “ಹುಡುಗಿ ಯಾವೂರಾಕಿ?” ಅಂದಳು. ಮದುವೆಯಲ್ಲ, ಆಟ ಅಂದೆ. ಓಟ, ಜಿಗಿತ, ಈಜು. ಈಜು ಅಂದಾಗ ಅವಳ ಕಿವಿ ನಿಮಿರಿತು.

“ಈಜಾಕ ನೀರು ಎಷ್ಟ ಬೇಕೋ ತಮ್ಮಾ?”

ಐವತ್ತು ಮೀಟರ್ ಉದ್ದ, ಇಪ್ಪತ್ತೈದು ಅಗಲ, ಎರಡು ಆಳ ಅಂತ ಹಿಡಿದರೂ ಇಪ್ಪತ್ತೈದು ಲಕ್ಷ ಲೀಟರ್, ಯವ್ವಾ, ಅಂದೆ. ಅವಳು ಸೊಸೆಯನ್ನು ಕರೆದಳು. ಸೊಸೆ ಬಾಜೂ ಮನೆಯವಳನ್ನು ಕರೆದಳು. ಅವರೆಲ್ಲರ ಮನೆ ಮುಂದೆ ಇನ್ನೂರು ಲೀಟರಿನ ನೀಲಿ ಬ್ಯಾರಲ್ಲುಗಳು ಸಾಲುಗಟ್ಟಿ ನಿಂತಿದ್ದವು. ನೀರು ಇರುವುದು ಮುಂಡರಗಿ ತಾಲ್ಲೂಕಿನ ಹಮ್ಮಿಗಿಯಲ್ಲಿ, ತುಂಗಭದ್ರೆಗೆ ಕಟ್ಟಿದ ಬ್ಯಾರೇಜಿನ ಹಿಂದೆ. ಓಣಿಗೆ ಅದು ಎಂದು ಬರುತ್ತದೆಂಬುದನ್ನು ನೀರು ಬಿಡುವವನ ಫೋನು ಎತ್ತುವವರೆಗೆ ಯಾರೂ ಹೇಳಲಾರರು. ಹನ್ನೆರಡೂವರೆ ಸಾವಿರ ಬ್ಯಾರಲ್ ಎಂದು ಸೊಸೆ ಬಾಯಿಲೆಕ್ಕ ಹಾಕಿ ಹೇಳಿದಳು.

“ಅವರು ಈಜಿ ಮುಗಸಿದ ಮ್ಯಾಲೆ ಆ ನೀರು ಏನ್ ಮಾಡ್ತಾರ? ಚೆಲ್ಲತಾರೇನು?”

ನನಗೆ ತೋಚಲಿಲ್ಲ.

“ಬಟ್ಟಿ ಒಗಿಯಾಕರೆ ಕೊಡ್ಲಿ. ಒಲಿಂಪಿಕ್ ಬಂದ್ರ ನೀರು ಎಷ್ಟು ದಿನಕ್ಕೊಮ್ಮೆ ಬರ್ತಾವ, ಕೇಳಿ ಬರಕೊಂಡು ಬಾ. ಆಮ್ಯಾಲೆ ಒಪ್ಪಿಗಿ ಕೊಡ್ತೀವಿ.”

ಒಪ್ಪಿಗೆಯೂ ಅಲ್ಲದ, ವಿರೋಧವೂ ಅಲ್ಲದ ಇಂಥ ಮತಕ್ಕೆ ನನ್ನ ಕಾರ್ಡಿನಲ್ಲಿ ಜಾಗವಿರಲಿಲ್ಲ. ‘ಆಶೀರ್ವಾದವೇ ಉಡುಗೊರೆ’ಯ ಪಕ್ಕದಲ್ಲಿ ಬರೆದುಕೊಂಡೆ.

ಲಕ್ಷ್ಮೇಶ್ವರದಲ್ಲಿ ನನ್ನ ಹೆಗಲಚೀಲ ಕಂಡ ಕೂಡಲೇ ಕಟ್ಟೆಯ ಮೇಲಿದ್ದ ಹಿರಿಯರು ಆಧಾರ್ ಕಾರ್ಡು, ರೇಷನ್ ಕಾರ್ಡು ತರಿಸಿದರು. “ಅರವತ್ತು ಪ್ರಶ್ನಿ ಕೇಳಿ ಹೋಗ್ಯಾರಲ್ರೀ. ಇನ್ನೇನ್ ಉಳಿದೈತಿ?” ರಾಜ್ಯದ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆ 2025ರ ಸೆಪ್ಟೆಂಬರಿನಲ್ಲಿ ಶುರುವಾಗಿ ಮನೆ ಮನೆ ಹೊಕ್ಕು ಬಂದಿತ್ತು, ನಾನು ಅದರ ಬಾಲವೆಂದು ಅವರ ಅನುಮಾನ. ಒಲಿಂಪಿಕ್ಸ್ ಅಂದೆ. ಒಬ್ಬ, ಈ ಕಾಲಂ ಅವತ್ತು ಬಿಟ್ಟುಹೋಗಿತ್ತೇನು ಅಂತ ಕಳವಳಪಟ್ಟ. ಉಳಿದವರ ಮಾತು ಮಾತ್ರ ಒಂದೇ. ಗದಗದಿಂದ ಲಕ್ಷ್ಮೇಶ್ವರದ ಮೇಲೆ ಹಾಯ್ದು ಯಲವಿಗಿಗೆ ಹೋಗುವ ರೈಲುಮಾರ್ಗಕ್ಕೆ ಕೇಳುತ್ತಾ ಕೇಳುತ್ತಾ ಅವರ ಅಪ್ಪಂದಿರ ಕಾಲ ಮುಗಿದಿದೆ. “ಮೊದಲ ರೈಲು ಬರ್ಲಿ. ಒಲಿಂಪಿಕ್ ಅದರಾಗ ಕುಂತು ಬರ್ಲಿ.” ಎಂಥ ಮೇಧಾವಿ ಆಯೋಗ ಕೂತು ಬರೆದಿದ್ದರೂ ಇದಕ್ಕಿಂತ ಒಳ್ಳೆಯ ವರದಿ ಬರುತ್ತಿರಲಿಲ್ಲ.

ಶಿರಹಟ್ಟಿ ಸೀಮೆಯವರಿಗೆ ನನ್ನ ಪ್ರಶ್ನೆಯೇ ತಮಾಷೆಯಾಗಿ ಕಂಡಿತು. ಮಾಗಡಿ ಕೆರೆಯ ಏರಿಯ ಮೇಲೆ ಸಿಕ್ಕ ಒಬ್ಬ ರೈತ, “ಅಂತರರಾಷ್ಟ್ರೀಯ ಮಂದಿ ನಮ್ಮಲ್ಲಿ ವರ್ಷಾ ಬರ್ತಾರಲ್ರಿ, ಅಲ್ಲಿ ನೋಡ್ರಿ” ಅಂತ ಕೆರೆಯತ್ತ ಕೈ ಮಾಡಿದ. ಪಟ್ಟೆತಲೆ ಹೆಬ್ಬಾತುಗಳು. ಮಂಗೋಲಿಯಾ ಕಡೆಯಿಂದ ಹೊರಟು, ಹಿಮಾಲಯ ಹಾರಿ ದಾಟಿ, ಚಳಿಗಾಲಕ್ಕೆ ಸರಿಯಾಗಿ ಇಲ್ಲಿಗೆ ಇಳಿಯುತ್ತವೆ. ಕೆರೆಗೆ 2024ರಲ್ಲಿ ರಾಮ್ಸರ್ ಪಟ್ಟಿಯಲ್ಲಿ ಜಾಗ ಸಿಕ್ಕಿದೆ.

“ಸ್ಟೇಡಿಯಂ ಕೇಳಂಗಿಲ್ಲ, ಹೋಟೆಲ್ ಕೇಳಂಗಿಲ್ಲ. ಹೊಲದಾಗಿನ ಶೇಂಗಾ, ಕಡ್ಲಿ ತಿಂದು ಹೋಗ್ತಾವ. ಅಷ್ಟ ಎತ್ತರ ಹಾರಿ ಬಂದ್ರೂ ಪದಕ ಅಂತ ಕೇಳ್ಯಾವೇನು?”

ಶಿರಹಟ್ಟಿ ಊರೊಳಗೆ ಫಕ್ಕೀರೇಶ್ವರ ಮಠದ ಹತ್ತಿರ ಇನ್ನೊಬ್ಬರ ವಿಚಾರಣೆ ಇನ್ನೂ ಮೂಲಭೂತವಾಗಿತ್ತು. ಜಾತ್ರೆಗೆ ಹಿಂದೂ-ಮುಸಲ್ಮಾನರು ಸೇರಿ ಜನ ಕಿಕ್ಕಿರಿದರೂ ಪ್ರಸಾದ ಕಡಿಮೆ ಬೀಳುವುದಿಲ್ಲ. ನಿಮ್ಮ ಒಲಿಂಪಿಕ್ಸಿನಲ್ಲಿ ದಾಸೋಹ ಯಾರದು? ಟಿಕೆಟ್ ತಗೊಂಡು ಒಳಗೆ ಹೋಗಿ, ಊಟವನ್ನು ಬೇರೆ ಕೊಳ್ಳಬೇಕು ಅಂದೆ. ಅವರು ನನ್ನನ್ನು ನೋಡಿದ ರೀತಿಗೆ, ಆ ನಿಯಮವನ್ನು ನಾನೇ ಮಾಡಿದವನಂತೆ ತಲೆ ತಗ್ಗಿಸಿದೆ. ಕಾಲವೆಲ್ಲಾ ಅತಿಥಿಗಳನ್ನು ಉಣಿಸಿ ಕಳಿಸುವವರ ಮುಂದೆ, ಮಾಂಟ್ರಿಯಲ್ ನಗರ 1976ರ ಕೂಟದ ಸಾಲ ತೀರಿಸಲು 2006ರವರೆಗೆ ಒದ್ದಾಡಿತು ಅಂತ ಹೇಳುವ ಧೈರ್ಯ ಬರಲಿಲ್ಲ.

ಮುಂಡರಗಿ ಬಸ್ಸಿನಲ್ಲಿ ಹಿಂದಿನ ಸೀಟಿನಿಂದ ಮಾತು ಕೇಳಿಸಿತು.

“ಕಪ್ಪತಗುಡ್ಡದ ಬಾಜೂಕ ಒಲಿಂಪಿಕ್ ಬರ್ತೈತಂತಲೇ. ಲಕ್ಷ್ಮೇಶ್ವರದಾಗ ಆಫೀಸರ್ ಬಂದು ಸರ್ವೇ ಮಾಡಿ ಹೋಗ್ಯಾನಂತ.”

“ಆಫೀಸರ್ ಹೆಂಗದಾನ?”

“ಬಕ್ಕ ತಲಿ, ಹರಕ ಚೀಲ, ಸವೆದ ಚಪ್ಪಲಿ. ಗುರ್ತಾ ಸಿಗಬಾರದಂತ ವೇಷ ಹಾಕ್ಕೊಂಡು ಬಂದಾನಂತ.”

ನಾನು ಚೀಲವನ್ನು ಮೆಲ್ಲಗೆ ಕಾಲ ಕೆಳಗೆ ತಳ್ಳಿ, ತಲೆಗೆ ಟವೆಲ್ ಸುತ್ತಿಕೊಂಡೆ. ಅದೇ ಗುರುತಾಯಿತು. ಮುಂಡರಗಿಯಲ್ಲಿ ಇಳಿಯುವ ಹೊತ್ತಿಗೆ ಎರಡು ಗುಂಪು ಕಾಯುತ್ತಿತ್ತು. ಒಂದರ ಕೈಯಲ್ಲಿ ಹೂವಿನ ಹಾರ, ಇನ್ನೊಂದರ ಕೈಯಲ್ಲಿ ಮನವಿ ಪತ್ರ. ಹಾರದವರು ಎಕರೆಗೆ ಎಷ್ಟು ಕೊಡುತ್ತೀರಿ ಅಂದರು. ಮನವಿಯವರು, “ಭೂಮಿ ಕೇಳಾಕ ಬಂದೀರೇನು? ಹಳ್ಳಿಗುಡಿ ಮರತೀರೇನು?” ಅಂದರು.

ಮರೆಯುವುದು ಹೇಗೆ? ಇದೇ ತಾಲ್ಲೂಕಿನ ಹಳ್ಳಿಗುಡಿ ಸುತ್ತ ಪೋಸ್ಕೋ ಉಕ್ಕಿನ ಕಾರ್ಖಾನೆಗೆಂದು ಮೂರು ಸಾವಿರ ಎಕರೆಗೂ ಮಿಕ್ಕಿ ಜಮೀನು ಗುರುತಾದಾಗ, ರೈತರು ಬೀದಿಗಿಳಿದರು. ಗದಗಿನ ತೋಂಟದ ಸಿದ್ಧಲಿಂಗ ಸ್ವಾಮೀಜಿ ಮುಂದೆ ನಿಂತರು. 2011ರಲ್ಲಿ ಸರ್ಕಾರ ಕೈಬಿಟ್ಟಿತು. ಕಪ್ಪತಗುಡ್ಡಕ್ಕಾಗಿ ಜನ ಹಟ ಹಿಡಿದು ಹೋರಾಡಿದ ಮೇಲೆ 2019ರಲ್ಲಿ ಅದು ವನ್ಯಜೀವಿಧಾಮವಾಯಿತು. ಹ್ಯಾಂಬರ್ಗಿನವರಿಗೆ ಮತಪೆಟ್ಟಿಗೆಯಾದರೂ ಇತ್ತು. ಇಲ್ಲಿಯವರು ಯಾರೂ ಕೇಳದಿದ್ದಾಗಲೇ ತಮ್ಮ ಅಭಿಪ್ರಾಯ ಹೇಳಿ ಗೆದ್ದವರು. ಅಂಥವರ ಮುಂದೆ ನಾನು ಎರಡು ಉಂಗುರದ ಕಾರ್ಡು ಹಿಡಿದು ನಿಂತಿದ್ದೆ.

ಮಾತು ಬದಲಿಸಲು, ಹಗ್ಗ ಜಗ್ಗುವ ಆಟ 1900ರಿಂದ 1920ರ ತನಕ ಒಲಿಂಪಿಕ್ಸಿನಲ್ಲಿತ್ತು ಅಂದೆ. ಎರಡೂ ಗುಂಪು ಒಂದಾಯಿತು. ಯಾಕೆ ತೆಗೆದರು? ಯಾರು ತೆಗೆದರು? 1920ರ ಆಂಟ್‌ವರ್ಪ್ ಕೂಟದಲ್ಲಿ ನಮ್ಮ ಬೆಳಗಾವಿಯ ಫಡೆಪ್ಪ ಚೌಗುಲೆ ಮ್ಯಾರಥಾನ್ ಓಡಿ ಹತ್ತೊಂಬತ್ತನೆಯವನಾಗಿ ಬಂದ ಅಂತಲೂ ಹೇಳಿದೆ. ಅಷ್ಟು ಸಾಕಾಯಿತು. ನನ್ನನ್ನು ಮೆರವಣಿಗೆಯಂತೆ ಗರಡಿ ಮನೆಗೆ ಒಯ್ದರು. ಹಗ್ಗ ವಾಪಸ್ ಬರಬೇಕು, ಜೊತೆಗೆ ಸಂಗ್ರಾಣಿ ಕಲ್ಲು ಎತ್ತುವುದೂ ಸೇರಬೇಕು ಎಂಬ ಠರಾವು ಅಲ್ಲೇ ಪಾಸಾಯಿತು. “ಸಾಹೇಬ್ರು ಉದ್ಘಾಟನಾ ಮಾಡ್ಲಿ” ಅಂತ ಯಾವನೋ ಕೂಗಿದ.

ಮುಟ್ಟಿದರೆ ಸಾಕು ಅಂದಿದ್ದರು. ಕೊರಳಲ್ಲಿ ಹಾರ, ಸುತ್ತ ಶಿಳ್ಳೆ. ನನ್ನೊಳಗೆ ಎಲ್ಲಿತ್ತೋ ಆ ಹುಮ್ಮಸ್ಸು, ಬಗ್ಗಿ ಎರಡೂ ಕೈಯಿಂದ ತಬ್ಬಿದೆ. ಕಲ್ಲು ಇದ್ದಲ್ಲಿಯೇ ಇತ್ತು. ಸೊಂಟದೊಳಗೆ ಏನೋ ಕಟ್ಟೆಂದಿತು. ಬಗ್ಗಿದವನು ಬಗ್ಗಿಯೇ ಉಳಿದೆ. ಭಕ್ತಿಯಿಂದ ನಮಸ್ಕರಿಸುತ್ತಿದ್ದಾನೆಂದು ಜನ ಚಪ್ಪಾಳೆ ತಟ್ಟಿದರು. ಚಪ್ಪಾಳೆ ಮುಗಿದರೂ ನಾನು ಏಳದಿದ್ದಾಗ ಗರಡಿಯ ಉಸ್ತಾದರಿಗೆ ವಿಷಯ ತಿಳಿಯಿತು. ನೆಲಕ್ಕೆ ಮಲಗಿಸಿ, ಎಣ್ಣೆ ಸುರಿದು, ಮೊಣಕಾಲು ಊರಿ, ಬೆನ್ನನ್ನು ಮೂಲಸ್ಥಾನಕ್ಕೆ ತಂದರು. ಆ ಹೊತ್ತಿನಲ್ಲಿ ನಾನು ಕೂಗಿದ್ದು ಹಗ್ಗದ ಪರವೋ ವಿರುದ್ಧವೋ ಎಂಬುದರ ಬಗ್ಗೆ ಮುಂಡರಗಿಯಲ್ಲಿ ಇನ್ನೂ ಎರಡು ಅಭಿಪ್ರಾಯಗಳಿವೆ.

ಬೆಟಗೇರಿಗೆ ಬಂದು ಹಲಗೆಯ ಮೇಲೆ ಮಲಗಿದ್ದೇನೆ. ಅಹಮದಾಬಾದಿಗೆ 2030ರ ಕಾಮನ್‌ವೆಲ್ತ್ ಕ್ರೀಡಾಕೂಟ ಖಾತ್ರಿಯಾಗಿದ್ದು 2025ರ ನವೆಂಬರಿನಲ್ಲಿ. ಒಲಿಂಪಿಕ್ಸಿನ ತೀರ್ಮಾನ ಬರುವುದಿದೆ. ನನ್ನ ಕಾರ್ಡುಗಳಲ್ಲಿ ಕೆಲವನ್ನು ಜನ ಮದುವೆಯದೇ ಎಂದು ತಿಳಿದು ದೇವರ ಮುಂದಿಟ್ಟಿದ್ದಾರಂತೆ. ಅಕ್ಷತೆಗೆ ಬಂದರೆ ಊಟ ಎಲ್ಲಿ ಅಂತ ಮನೆಯಾಕೆಗೆ ಫೋನುಗಳು ಬರುತ್ತಿವೆ. ನನಗೆ ಬರುವುದು ಒಬ್ಬ ಏಜಂಟನದು. ಅಹಮದಾಬಾದು ಇಲ್ಲಿಂದ ಬಹಳ ದೂರ, ಇಲ್ಲಿ ಒಲಿಂಪಿಕ್ಸ್ ಬರುವುದಿಲ್ಲ ಅಂತ ಎಷ್ಟು ಹೇಳಿದರೂ ಅವನಿಗೆ ಬೇಸರವೇ ಇಲ್ಲ.

“ಅಲ್ಲೇ ಮಾಡ್ಲಿ ಸಾಹೇಬ್ರ, ನಮ್ದೇನ್ ತಕರಾರಿಲ್ಲ. ಪಾರ್ಕಿಂಗಿಗೆ ಅಂತ ನಮ್ಮ ಮೂರೆಕರೆ ಬರಕೊಳ್ರಿ.”