ಗಡಸುನೀರಿನ ಮತ್ಸ್ಯಾಗಾರದಲ್ಲಿ ಸಾರಜನಕ ಸಂಕಥನ: ಒಂದು ಬಹುಶಿಸ್ತೀಯ ಪರಿಪ್ರೇಕ್ಷ್ಯ

1. ಪ್ರಾಸ್ತಾವಿಕ ನೆಲೆ

ಪ್ರಸ್ತುತ ಅಧ್ಯಯನವು ಬೆಂಗಳೂರಿನ ಹೊರವಲಯದ ಮನೆಯೊಂದರ ಹಾಲಿನಲ್ಲಿ, ಟಿವಿಗೂ ಚಪ್ಪಲಿ ಸ್ಟ್ಯಾಂಡಿಗೂ ನಡುವೆ ಪ್ರತಿಷ್ಠಾಪಿತವಾದ ಎರಡಡಿಯ ಫಿಶ್ ಟ್ಯಾಂಕನ್ನು ಪಠ್ಯವಾಗಿ ಸ್ವೀಕರಿಸುತ್ತದೆ. ಅದರೊಳಗೆ ಬೋರ್‌ವೆಲ್ ನೀರಿದೆ, ಮೀನಿಲ್ಲ. ಮೀನಿನ ಈ ಗೈರುಹಾಜರಿಯೇ ಅಧ್ಯಯನದ ಪ್ರಧಾನ ಆಕರ. ಇಲ್ಲದ್ದರ ಬಗ್ಗೆ ಮುನ್ನೂರು ಪುಟ ಬರೆದು ಡಾಕ್ಟರೇಟ್ ಪಡೆದವರಿರುವ ನಾಡಿನಲ್ಲಿ ಇದಕ್ಕೆ ಪ್ರತ್ಯೇಕ ಸಮರ್ಥನೆ ಬೇಕಿಲ್ಲ.

2. ಪರಿಭಾಷಾ ವಿವೇಚನೆ

ಗಡಸುತನವೆಂದರೆ ಭೂಗರ್ಭದ ಶಿಲೆಗಳೊಡನೆ ಜಲವು ನಡೆಸಿದ ದೀರ್ಘಕಾಲೀನ ಅನುಸಂಧಾನದಿಂದ ಪ್ರಾಪ್ತವಾದ ಕ್ಯಾಲ್ಸಿಯಂ-ಮೆಗ್ನೀಸಿಯಂ ಲವಣತ್ವ. ಕುಡಿಯುವ ನೀರಿನಲ್ಲಿ ಇದು ಲೀಟರಿಗೆ 200 ಮಿಲಿಗ್ರಾಂವರೆಗೆ ಸ್ವೀಕಾರಾರ್ಹ, ಬೇರೆ ಮೂಲವೇ ಇಲ್ಲದಿದ್ದರೆ 600ರವರೆಗೆ ಸಹಿಸಿಕೊಳ್ಳಬಹುದು ಎಂಬುದು ಭಾರತೀಯ ಮಾನಕ ಬ್ಯೂರೋದ ನಿಲುವು. ಇದಕ್ಕೆ ಸಮಾನಾಂತರವಾಗಿ ಒಂದು ದೇಸಿ ಮಾಪಕವೂ ಉಂಟು: ತೊಗರಿಬೇಳೆ. ಕುಕ್ಕರ್ ಎಂಟು ಸಲ ಕೂಗಿದರೂ ಬೇಳೆ ಗಟ್ಟಿಯಾಗಿಯೇ ಉಳಿದರೆ ನೀರು ಗಡಸು. ಸದರಿ ಮನೆಯಲ್ಲಿ ಸಂಶೋಧಕನ ಬೇಳೆ ಎರಡೂ ಅರ್ಥದಲ್ಲಿ ಬೆಂದಿಲ್ಲ.

3. ತಾತ್ವಿಕ ಚೌಕಟ್ಟು

ಮೀನಿನ ವಿಸರ್ಜನೆಯಿಂದ, ಕೊಳೆತ ಆಹಾರದಿಂದ ಅಮೋನಿಯಾ ಹುಟ್ಟುತ್ತದೆ. ಅದು ವಿಷ. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಆಗಿಸುತ್ತದೆ. ಅದೂ ವಿಷ. ಇನ್ನೊಂದು ಬಗೆಯದು ಅದನ್ನು ಹೆಚ್ಚು ಹಾನಿಯಿಲ್ಲದ ನೈಟ್ರೇಟ್ ಆಗಿಸುತ್ತದೆ. ಇದು ಇಬ್ಬರು ಹಂಚಿಕೊಂಡ ಕೆಲಸವೆಂದು 1890ರ ಸುಮಾರಿಗೆ ತೋರಿಸಿಕೊಟ್ಟವನು ರಷ್ಯದ ಸೆರ್ಗೆಯ್ ವಿನೊಗ್ರಾದ್‌ಸ್ಕಿ. 2015ರಲ್ಲಿ ನೋಡಿದರೆ, ಎರಡನ್ನೂ ಒಂಟಿಯಾಗಿ ಮಾಡಿ ಮುಗಿಸುವ ನೈಟ್ರೋಸ್ಪೈರಾಗಳೂ ಇದ್ದವು. ವಿಚಾರಸಂಕಿರಣದ ಭಾಷೆಯಲ್ಲಿ ಇದನ್ನು ‘ಶ್ರಮವಿಭಜನೆಯ ಯಜಮಾನಿಕೆಗೆ ಸೂಕ್ಷ್ಮಜೀವಿ ಪ್ರತಿರೋಧ’ ಎನ್ನತಕ್ಕದ್ದು.

ಈ ಜೀವಿಗಳು ಹೊಸ ಟ್ಯಾಂಕಿನಲ್ಲಿ ನೆಲೆಯೂರಲು ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ಹಳೆಯ ಟ್ಯಾಂಕಿನ ಫಿಲ್ಟರ್ ಸ್ಪಾಂಜಿನ ತುಂಡೊಂದನ್ನು ಹಾಕಿದರೆ ಬೇಗ. ಇದಕ್ಕೆ ‘ಜೈವಿಕ ವಸಾಹತೀಕರಣದ ಉತ್ತೇಜಿತ ಪ್ರಕ್ರಿಯೆ’ ಎಂದು ಹೆಸರಿಡುವ ಹೊತ್ತಿಗೆ ಅಡುಗೆಮನೆಯಿಂದ ಸಂಶೋಧಕನ ಅಜ್ಜಿ ಕೇಳಿದರು: ‘ಹೆಪ್ಪು ಹಾಕೋದು ಅನ್ನು, ಅಷ್ಟೇ ತಾನೆ?’ ಅಷ್ಟೇ. ಆದರೆ ಹೆಪ್ಪು ಎಂದು ಬರೆದರೆ ಅಧ್ಯಾಯ ಒಂದೂವರೆ ಸಾಲಿಗೆ ಮುಗಿದುಹೋಗುತ್ತದೆ.

ಗಡಸು ನೀರಿನ ದ್ವಂದ್ವವನ್ನೂ ಇಲ್ಲಿಯೇ ಸಮಸ್ಯೀಕರಿಸಬೇಕು. ಅಮೋನಿಯಾ ರೂಪದ ಒಂದು ಗ್ರಾಂ ಸಾರಜನಕ ನೈಟ್ರೇಟ್ ಆಗುವಷ್ಟರಲ್ಲಿ ಸುಮಾರು ಏಳು ಗ್ರಾಂ ಸುಣ್ಣದ ಕಾರ್ಬೊನೇಟಿನಷ್ಟು ಕ್ಷಾರ ಖರ್ಚಾಗುತ್ತದೆ. ಗೀಸರ್ ಕಾಯಿಲ್ ತಿನ್ನುವ ಬೋರ್ ನೀರಿನಲ್ಲಿ ಅದಕ್ಕೆ ಬರವಿಲ್ಲ. ಆರ್‌ಓ ನೀರು ತುಂಬಿದವರಿಗೆ ಅದೇ ಕೊರತೆ. ಆದರೆ ಅದೇ ಕ್ಷಾರ ಪಿಎಚ್ ಅನ್ನು ಮೇಲೇರಿಸಿ ಇಡುತ್ತದೆ. ಪಿಎಚ್ 7ರಿಂದ 8ಕ್ಕೆ ಏರಿದರೆ ಅಮೋನಿಯಾದ ವಿಷಕಾರಿ ಪಾಲು ಹತ್ತಿರ ಹತ್ತಿರ ಹತ್ತುಪಟ್ಟಾಗುತ್ತದೆ. ಬ್ಯಾಕ್ಟೀರಿಯಾಕ್ಕೆ ಹಬ್ಬವಾದ ನೀರು, ಅವಸರದಲ್ಲಿ ಬಿಟ್ಟ ಮೀನಿಗೆ ಸೂತಕ.

4. ಸಾಕುವವರ ವರ್ಗೀಕರಣ

ಉತ್ತಮರು: ಮೀನಿಲ್ಲದ ಟ್ಯಾಂಕಿಗೆ ದಿನಾ ಚಿಟಿಕೆ ಆಹಾರ ಉದುರಿಸಿ, ಅದು ಕೊಳೆಯುವುದನ್ನು ಕಾಯುವವರು. ನೆಂಟರು ಇವರನ್ನು ಅನುಮಾನದಿಂದ ನೋಡುತ್ತಾರೆ. ಮಧ್ಯಮರು: ಒಂದು ವಾರ ಕಾಯುವವರು. ಅಧಮರು: ಅಧಮೋತ್ತಮ, ಅಧಮಮಧ್ಯಮ...

ಇದನ್ನು ಇಲ್ಲಿಗೆ ಬಿಡುವುದು ವಾಸಿ. ಏಕೆಂದರೆ ಈ ಸಂಶೋಧಕ ಹೋದ ವರ್ಷ ಯಾವ ವರ್ಗದಲ್ಲಿದ್ದ ಎಂಬುದು ಮನೆಯವರಿಗೆಲ್ಲ ಗೊತ್ತು. ಟ್ಯಾಂಕ್, ಫಿಲ್ಟರ್, ಎಂಟು ನಿಯಾನ್ ಟೆಟ್ರಾ, ಎಲ್ಲವೂ ಒಂದೇ ಸಂಜೆ, ಒಂದೇ ಬಿಲ್ಲು. ‘ಇವತ್ತೇ ಬಿಡಬಹುದಾ?’ ಎಂದು ಕೇಳಿದ್ದಕ್ಕೆ ಅಂಗಡಿಯವನು, ‘ಆರಾಮಾಗಿ ಬಿಡಿ ಸಾರ್’ ಅಂದ. ಅಮೆಜಾನ್ ಕಾಡಿನ ಮೆದು ನೀರಿನ ಮೀನುಗಳವು. ಐದನೆಯ ದಿನ ನೀರಿನ ಮೇಲ್ಮೈಗೆ ಬಂದು ಬಾಯಿ ತೆರೆದು ತೆರೆದು ಮುಚ್ಚುತ್ತಿದ್ದವು. ಮನೆಯ ಮಗು, ‘ಅವು ಏನೋ ಹೇಳ್ತಿವೆ’ ಎಂದಿತು. ಮತ್ತೆ ಕೇಳಿದಾಗ ಆ ಅಂಗಡಿಯವನ ಉತ್ತರ: ‘ನಿಮ್ಮನೆ ನೀರು ಸರಿಯಿಲ್ಲ ಸಾರ್, ಬೇರೆ ಎಂಟು ತಗೊಳ್ಳಿ.’ ನಾಲ್ಕು ವಾರ ಕಾಯಿರಿ ಎಂದು ಹೇಳಲು ಅವನಿಗೆ ಎಷ್ಟು ಉಸಿರು ಬೇಕಿತ್ತು? ಸತ್ತ ಮೀನೇ ಮರುವ್ಯಾಪಾರವಾಗುವ ಕಡೆ ಆ ಮಾತನ್ನು ಯಾರೂ ಆಡುವುದಿಲ್ಲ.

5. ಅಧ್ಯಯನದ ವ್ಯಾಪ್ತಿ ಮತ್ತು ಮಿತಿ

ವ್ಯಾಪ್ತಿ ಎರಡಡಿ. ಅದರಾಚೆಗೆ ಹೋಗಬಾರದಿತ್ತು. ಆದರೆ 2016ರ ಮಾರ್ಚ್‌ನಲ್ಲಿ ಇದೇ ಊರಿನ ಹಲಸೂರು ಕೆರೆಯಲ್ಲಿ ಸಾವಿರಾರು ಮೀನು ಬೆಳ್ಳಗೆ ಹೊಟ್ಟೆ ಮೇಲಾಗಿ ತೇಲಿದ್ದವು. ಕೆರೆಗೆ ಕೊಳಚೆ ಸೇರಿತ್ತು, ನೀರಿನಲ್ಲಿ ಆಮ್ಲಜನಕ ಕುಸಿದಿತ್ತು. ಅಮೋನಿಯಾ ತಿನ್ನುವ ಬ್ಯಾಕ್ಟೀರಿಯಾಕ್ಕೂ ಬದುಕಲು ಅದೇ ಆಮ್ಲಜನಕ ಬೇಕು. ಟ್ಯಾಂಕಿನ ಮುಂದೆ ಟೆಸ್ಟ್ ಕಿಟ್ ಹಿಡಿದು ಹನಿ ಎಣಿಸುವ ಮನುಷ್ಯ, ಬಚ್ಚಲಿಂದ ತಾನು ಬಿಟ್ಟದ್ದು ಯಾವ ಕೆರೆ ಸೇರುತ್ತದೆ ಎಂದು ಒಂದು ದಿನವೂ ಎಣಿಸಿದವನಲ್ಲ. ಇದಕ್ಕೆ ಪರಿಭಾಷೆ ಹುಡುಕುವ ಉಮೇದು ಸಂಶೋಧಕನಿಗೆ ಉಳಿದಿಲ್ಲ.

6. ಫಲಿತ

ಇಂದಿಗೆ 38ನೇ ದಿನ. ಅಮೋನಿಯಾ ಸೊನ್ನೆ, ನೈಟ್ರೈಟ್ ಸೊನ್ನೆ. ಭಾನುವಾರ ಆರು ಗಪ್ಪಿ ಬರುತ್ತವೆ. ಗಡಸು ನೀರು ಅವಕ್ಕೆ ಒಗ್ಗುತ್ತದೆ. ಬೇಳೆ ಮಾತ್ರ ಇನ್ನೂ ಕುಕ್ಕರಿನಲ್ಲೇ ಇದೆ.